ಪರೋಪಕಾರಿಯ ಕೋಪ

ಕೊಲೆಗಡುಕನು ಏಕೆ ಕೊಲ್ಲುತ್ತಾನೆಂಬ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟವಲ್ಲ. ಹಣದಾಸೆ, ಹಳೆಯ ಹಗೆ, ಕಾಮ, ಮದ್ಯಪಾನ ಇವುಗಳಲ್ಲಿ ಯಾವುದಾದರೊಂದು ಅಲ್ಲಿ ಸಾಮಾನ್ಯವಾಗಿ ದೊರೆಯುತ್ತದೆ. ಆದರೆ ತನಗಾಗಿ ಏನನ್ನೂ ಬಯಸದವನು, ಪರರ ದುಃಖವನ್ನು ಕಂಡು ಮರುಗುವವನು, ತನ್ನ ಪ್ರಾಣವನ್ನು ತೃಣಸಮಾನವೆಂದು ಬಗೆದವನು ಕೈಯಲ್ಲಿ ಬಾಂಬನ್ನು ಹಿಡಿದು ರಾಜಬೀದಿಯಲ್ಲಿ ಕಾದು ನಿಲ್ಲುವುದೇಕೆ? ಇದಕ್ಕೆ ಉತ್ತರ ಸುಲಭವಲ್ಲ. ಇಂದು ಭಯೋತ್ಪಾದನೆಯೆಂದು ಕರೆಯಲ್ಪಡುವ ಕೃತ್ಯದ ವಿಚಾರ ಬಂದಾಗಲೆಲ್ಲ ಎರಡು ಮಾತುಗಳು ಕೇಳಿಬರುತ್ತವೆ. ಅಂಥವರು ಹುಟ್ಟಿನಿಂದಲೇ ಕ್ರೂರಿಗಳು ಅಥವಾ ಬುದ್ಧಿವಿಕಲರು ಎಂಬುದೊಂದು. ಹಸಿವು ಬಡತನಗಳೇ ಅವರನ್ನು ಆ ದಾರಿಗೆ ತಳ್ಳಿದವು ಎಂಬುದು ಇನ್ನೊಂದು. ಎರಡು ಮಾತುಗಳಲ್ಲಿಯೂ ಒಂದು ಅನುಕೂಲವುಂಟು: ಆಡಿದವನಿಗೆ ತನ್ನ ಮನಸ್ಸನ್ನು ತಾನು ಪರೀಕ್ಷಿಸಿಕೊಳ್ಳುವ ಶ್ರಮ ತಪ್ಪುತ್ತದೆ. ಇತಿಹಾಸವು ಮಾತ್ರ ಎರಡನ್ನೂ ಅಷ್ಟು ಸರಾಗವಾಗಿ ಸಮರ್ಥಿಸುವುದಿಲ್ಲ.

ಗಡಿಗೆಗೆ ಕಾರಣವೇನೆಂದು ಕೇಳಿದರೆ ಶಾಸ್ತ್ರಜ್ಞರು ಒಂದೇ ಮಾತಿನಲ್ಲಿ ಉತ್ತರ ಕೊಡುವುದಿಲ್ಲ. ಮಣ್ಣು ಉಪಾದಾನಕಾರಣ, ಕುಂಬಾರನು ನಿಮಿತ್ತಕಾರಣ, ತಿಗರಿ ಮತ್ತು ಕೋಲು ಸಹಕಾರಿಗಳು. ಮಣ್ಣಿದ್ದ ಮಾತ್ರಕ್ಕೆ ಗಡಿಗೆಯಾಗದು. ಮಣ್ಣಿಲ್ಲದೆ ಕುಂಬಾರನು ಏನನ್ನೂ ಮಾಡಲಾರನು. 1981ರಲ್ಲಿ ಮಾರ್ತಾ ಕ್ರೆನ್‌ಶಾ ಎಂಬ ಅಮೆರಿಕದ ವಿದುಷಿಯು ಭಯೋತ್ಪಾದನೆಯ ಕಾರಣಗಳನ್ನು ಕುರಿತು ಬರೆದ ಪ್ರಬಂಧದಲ್ಲಿಯೂ ನೆಲವನ್ನು ಹದಗೊಳಿಸುವ ಕಾರಣ ಬೇರೆ, ಕಿಡಿಯನ್ನು ಹೊತ್ತಿಸುವ ಕಾರಣ ಬೇರೆ ಎಂಬ ವಿಭಾಗವಿದೆ. ನಮ್ಮ ತರ್ಕಶಾಲೆಗಳಿಗೆ ಇದು ಹೊಸ ಮಾತಲ್ಲ. ಈ ವಿವೇಚನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ದೇಶದ ಒಂದು ತಲೆಮಾರಿನ ಕಥೆಯನ್ನು ನೋಡುವುದು ಯುಕ್ತ. ಆ ದೇಶ ರಷ್ಯ. ಕಾಲ 1861ರಿಂದ 1887ರವರೆಗೆ. ಆಧುನಿಕ ಕಾಲದ ಹಿಂಸಾಮಾರ್ಗವು ತನ್ನ ವಿಧಿವಿಧಾನಗಳನ್ನು, ತನ್ನ ಗುಪ್ತಸಂಘಗಳನ್ನು, ತನ್ನ ಹುತಾತ್ಮರ ಆರಾಧನೆಯನ್ನು ಬಹುಮಟ್ಟಿಗೆ ರೂಢಿಸಿಕೊಂಡದ್ದು ಅಲ್ಲಿ. ಮುಂದೆ ಬರುವ ರಷ್ಯದ ತಾರೀಖುಗಳು ಅಂದಿನ ಆ ದೇಶದ ಪಂಚಾಂಗದವು. ಇತರ ದೇಶಗಳ ಲೆಕ್ಕಕ್ಕಿಂತ ಅದು 12 ದಿನ ಹಿಂದಿತ್ತು.

1861ರಲ್ಲಿ ಝಾರ್ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನು ತನ್ನ ರಾಜ್ಯದ ಜೀತದ ರೈತರನ್ನು ಬಿಡುಗಡೆ ಮಾಡಿದನು. ಜಮೀನುದಾರರ ಸ್ವತ್ತಾಗಿದ್ದ ಎರಡು ಕೋಟಿಗೂ ಮಿಕ್ಕ ಜನ ಒಂದು ಶಾಸನದಿಂದ ಸ್ವತಂತ್ರರಾದರು. ಇದು ಸಾಮಾನ್ಯ ಕಾರ್ಯವಲ್ಲ. ಆದರೆ ತಾವು ತಲೆತಲಾಂತರದಿಂದ ಉಳುತ್ತಿದ್ದ ಭೂಮಿಗೆ ಅವರು 49 ವರ್ಷಗಳ ಕಾಲ ಕಂತುಗಟ್ಟಿ ಬೆಲೆ ತೆರಬೇಕೆಂದು ಅದೇ ಶಾಸನ ವಿಧಿಸಿತು. ಕಾಲಿನ ಸಂಕೋಲೆ ಕಳಚಿ ಕೊರಳಿಗೆ ಸಾಲ ಬಿದ್ದಿತು. ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದ ತರುಣ ತರುಣಿಯರು ಇದನ್ನು ಕಂಡು ಮರುಗಿದರು. ಲಾವ್ರೋವ್ ಎಂಬ ಚಿಂತಕನು ಅವರಿಗೆ ಒಂದು ಮಾತನ್ನು ಮನಗಾಣಿಸಿದನು: ವಿದ್ಯಾವಂತನ ವಿದ್ಯೆಯು ಬೆವರು ಸುರಿಸಿದ ಅಸಂಖ್ಯಾತ ಜನರ ದುಡಿಮೆಯಿಂದ ಬಂದದ್ದು, ಆ ಋಣವನ್ನು ಅವನು ತೀರಿಸಬೇಕು. ದೇವಋಣ, ಪಿತೃಋಣ, ಋಷಿಋಣಗಳನ್ನು ಬಲ್ಲ ಜನಕ್ಕೆ ಈ ಜನಋಣದ ಭಾವನೆ ಅಪರಿಚಿತವೆನಿಸದು.

1874ರ ಬೇಸಗೆಯಲ್ಲಿ ಸಾವಿರಾರು ತರುಣರು ಹಳ್ಳಿಗಳಿಗೆ ಹೊರಟರು. ಶ್ರೀಮಂತರ ಮಕ್ಕಳು ರೈತರ ಉಡುಪನ್ನು ಧರಿಸಿದರು; ಕೆಲವರು ಚಮ್ಮಾರಿಕೆ ಕಲಿತರು, ಕೆಲವರು ಬಡಗಿತನ ಕಲಿತರು. ಹಳ್ಳಿಯವರು ಅವರನ್ನು ನಂಬಲಿಲ್ಲ. ಮೃದುವಾದ ಕೈಗಳುಳ್ಳ ಈ ಚಮ್ಮಾರರು ಯಾರೆಂದು ಸಂಶಯಪಟ್ಟರು. ಕೆಲವೆಡೆ ಪೋಲೀಸರಿಗೆ ಹಿಡಿದುಕೊಟ್ಟದ್ದೂ ಉಂಟು. ಸರ್ಕಾರವಂತೂ ಸಂಶಯವನ್ನೇ ಸಾಕ್ಷ್ಯವೆಂದು ಬಗೆಯಿತು. ಸಾವಿರಕ್ಕೂ ಮಿಕ್ಕಿ ಬಂಧನಗಳಾದವು. ವಿಚಾರಣೆಯಿಲ್ಲದೆ ಎರಡು, ಮೂರು, ನಾಲ್ಕು ವರ್ಷ ಒಂಟಿಕೋಣೆಗಳಲ್ಲಿ ಕುಳಿತವರಲ್ಲಿ ಕೆಲವರು ಸತ್ತರು, ಕೆಲವರಿಗೆ ಮತಿಭ್ರಮಣೆಯಾಯಿತು. ಕಿಬಾಲ್ಚಿಚ್ ಎಂಬ ವಿದ್ಯಾರ್ಥಿಯು ಒಬ್ಬ ರೈತನಿಗೆ ನಿಷಿದ್ಧ ಪುಸ್ತಕವೊಂದನ್ನು ಓದಲು ಕೊಟ್ಟಿದ್ದನು. ಆ ಅಪರಾಧಕ್ಕಾಗಿ 1875ರಲ್ಲಿ ಸೆರೆಸಿಕ್ಕವನು ವಿಚಾರಣೆಗಾಗಿ ಸುಮಾರು ಮೂರು ವರ್ಷ ಸೆರೆಮನೆಯಲ್ಲಿ ಕಾದನು. ಕೊನೆಗೆ ನ್ಯಾಯಾಲಯವು ವಿಧಿಸಿದ ಶಿಕ್ಷೆ ಒಂದು ತಿಂಗಳು! ಈ ವಿದ್ಯಾರ್ಥಿಯ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. 193 ಜನರ ಮೇಲೆ ನಡೆದ ಮಹಾವಿಚಾರಣೆ 1878ರ ಜನವರಿಯಲ್ಲಿ ಮುಗಿದಾಗ ಅರ್ಧದಷ್ಟು ಜನ ನಿರ್ದೋಷಿಗಳೆಂದು ಬಿಡುಗಡೆಯಾದರು. ಅವರಲ್ಲಿ ಹಲವರನ್ನು ಅರಸನ ಆಜ್ಞೆಯಿಂದ ಮತ್ತೆ ಹಿಡಿದು ದೇಶದ ಮೂಲೆಗಳಿಗೆ ಅಟ್ಟಲಾಯಿತು.

ವೇರಾ ಫಿಗ್ನರ್ ಎಂಬಾಕೆಯ ವೃತ್ತಾಂತವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಆಕೆ ಕುಲೀನ ಮನೆತನದವಳು. ಜೂರಿಕ್ ನಗರದಲ್ಲಿ ವೈದ್ಯವಿದ್ಯೆ ಓದುತ್ತಿದ್ದವಳು, ಪದವಿಯನ್ನು ತೊರೆದು ತಾಯ್ನಾಡಿಗೆ ಮರಳಿ ಹಳ್ಳಿಯ ಉಪವೈದ್ಯೆಯಾದಳು. ಸರಾತೋವ್ ಪ್ರಾಂತದ ವ್ಯಾಜ್ಮಿನೊ ಎಂಬ ಹಳ್ಳಿಯಲ್ಲಿ ಆಕೆಯೂ ಆಕೆಯ ತಂಗಿ ಯೆವ್ಗೇನಿಯಾಳೂ ನೆಲಸಿದರು. ಸುತ್ತಲಿನ ಹಳ್ಳಿಗಳಿಂದ ರೋಗಿಗಳು ಗಾಡಿಗಟ್ಟಿ ಬಂದರು. ಮೊದಲನೆಯ ತಿಂಗಳಿನಲ್ಲಿಯೇ 800 ಜನ, ಹತ್ತು ತಿಂಗಳಲ್ಲಿ 5000 ಜನ ಆಕೆಯಿಂದ ಔಷಧೋಪಚಾರ ಪಡೆದರೆಂದು ಆಕೆ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾಳೆ. ಶಾಲೆಯೇ ಇಲ್ಲದ ಆ ಸೀಮೆಯಲ್ಲಿ ತಂಗಿಯು 25 ಮಕ್ಕಳಿಗೆ ಹಣ ಪಡೆಯದೆ ಪಾಠ ಹೇಳಿದಳು. ಸಂಜೆಯಾದ ಮೇಲೆ ಅಕ್ಕತಂಗಿಯರು ರೈತರ ಗುಡಿಸಲುಗಳಿಗೆ ಹೋಗಿ ಪುಸ್ತಕ ಓದಿ ಹೇಳುತ್ತಿದ್ದರು. ಕಾಯಕವೆಂಬ ಮಾತನ್ನು ಆ ದೇಶದವರು ಅರಿಯರು. ಆದರೆ ಆ ಹತ್ತು ತಿಂಗಳ ಅವರ ಬಾಳಿಗೆ ಅದಕ್ಕಿಂತ ಒಪ್ಪುವ ಹೆಸರು ಬೇರೆ ದೊರೆಯದು.

ಇದನ್ನು ಊರಿನ ಅಧಿಕಾರವರ್ಗವು ಸಹಿಸಲಿಲ್ಲ. ದೇವರಿಲ್ಲ, ಅರಸನು ಬೇಡ ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆಂಬ ಅಪವಾದ ಹುಟ್ಟಿತು. ಪಾದ್ರಿ, ಗುಮಾಸ್ತ, ಜಮೀನುದಾರ ಎಲ್ಲರೂ ಚಾಡಿಕೋರರಾದರು. ಸೂಜಿಯ ಮೊನೆಯಷ್ಟು ಕೆಲಸ ಮಾಡಿದರೂ ಅದರ ಹಿಂದೆ ಪೋಲೀಸಿನವನ ಕಣ್ಣು. ಸತ್ಯವನ್ನು ಮರೆಮಾಚಬಾರದು: ಆ ಸೋದರಿಯರು ಕೇವಲ ರೋಗ ವಾಸಿ ಮಾಡಲು ಬಂದವರಲ್ಲ, ರಾಜ್ಯವ್ಯವಸ್ಥೆಯು ಬುಡಮೇಲಾಗಬೇಕೆಂದು ಬಯಸಿದವರೇ ಆಗಿದ್ದರು. 1879ರ ಏಪ್ರಿಲ್ 2ರಂದು ಝಾರನ ಮೇಲೆ ಗುಂಡು ಹಾರಿಸಿದ ಸೊಲೋವ್ಯೋವ್ ಎಂಬವನು ಅದಕ್ಕೆ ಮೊದಲು ಅವರನ್ನು ಬಂದು ಕಂಡುಹೋಗಿದ್ದನು. ಆ ಜಾಡು ಹಿಡಿದು ಪೋಲೀಸರು ಬರುವ ಮುನ್ನ ಅವರು ಹಳ್ಳಿಯನ್ನು ಬಿಟ್ಟರು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಹಗಲೆಲ್ಲ ರೋಗಿಗಳ ಹುಣ್ಣು ತೊಳೆದ ಆ ಕೈಗೆ ಅದೇ ಕೆಲಸ ಸಾಕೆನಿಸುವಂತೆ ಇರಗೊಟ್ಟಿದ್ದರೆ, ಅದು ಬೇರೊಂದು ಕೆಲಸಕ್ಕೆ ಅಷ್ಟು ಬೇಗ ಚಾಚುತ್ತಿತ್ತೆ?

ಇಲ್ಲಿ ಸೊನ್ನಲಿಗೆಯ ಸಿದ್ಧರಾಮನ ಪ್ರಸಂಗವು ನೆನಪಿಗೆ ಬರುತ್ತದೆ. ಶೂನ್ಯಸಂಪಾದನೆಯಲ್ಲಿ ಅದು ವಿಸ್ತಾರವಾಗಿ ಬಂದಿದೆ. ಸಿದ್ಧರಾಮನು ಲೋಕಹಿತಕ್ಕಾಗಿ ಕೆರೆ ಕಟ್ಟಿಸುತ್ತಿದ್ದನು. ಅಲ್ಲಿಗೆ ಬಂದ ಅಲ್ಲಮಪ್ರಭುದೇವರು ಅವನ ಹಿರಿಮೆಯನ್ನು ಹಗುರಾಗಿ ನುಡಿದರು. ಕೆರೆಯ ಕೆಲಸದ ಒಡ್ಡರು ಸಿಟ್ಟಾಗಿ ಕಲ್ಲೆಸೆದರು. ಸಿದ್ಧರಾಮನು ತಾನೇ ಬಂದು ಕನಲಿದಾಗ ಅವನ ಹಣೆಗಣ್ಣಿನ ಬೆಂಕಿ ಊರನ್ನೇ ಸುಡಲು ಹೊರಟಿತೆಂದು ಕಥೆ. ಯಾರ ನೀರಡಿಕೆಯನ್ನು ತಣಿಸಲು ಕೆರೆಯೋ ಅವರನ್ನೇ ಸುಡುವ ಬೆಂಕಿ! ಪ್ರಭುದೇವರು ಆ ಉರಿಯನ್ನು ಅಡಗಿಸಿ, ಪರೋಪಕಾರದ ಒಳಗೆ ಕುಳಿತಿದ್ದ 'ನಾನು ಮಾಡಿದೆನು' ಎಂಬುದನ್ನು ಅವನಿಗೆ ತೋರಿಸಿಕೊಟ್ಟರು. ತನಗಾಗಿ ಬರುವ ಕೋಪವನ್ನು ಕೋಪವೆಂದು ಗುರುತಿಸುವುದು ಸುಲಭ, ಅದಕ್ಕೆ ನಾಚುವುದೂ ಸುಲಭ. ಪರರಿಗಾಗಿ ಬಂದ ಕೋಪವು ಕರುಣೆಯ ಉಡುಪನ್ನು ತೊಟ್ಟಿರುತ್ತದೆ. ಆದುದರಿಂದ ಅದರ ಒಡೆಯನಿಗೆ ಅದರ ಗುರುತು ಸಿಕ್ಕುವುದಿಲ್ಲ. ಗಡಿಗೆಗೆ ಮಣ್ಣು ಹೇಗೋ ಈ ಮಾರ್ಗಕ್ಕೆ ಇಂಥ ಕೋಪ ಹಾಗೆ. ಲೋಭಿಯ ಎದೆಯಲ್ಲಿ ಆ ಮಣ್ಣು ದೊರೆಯದು, ಉದಾರಿಯ ಎದೆಯಲ್ಲಿಯೇ ದೊರೆಯುವುದು. ಬಡತನವನ್ನೂ ಬುದ್ಧಿವಿಕಲತೆಯನ್ನೂ ಹುಡುಕುತ್ತ ಹೋಗುವವರು ಕಾಣದೆ ಹೋಗುವುದು ಇದನ್ನೇ.

ಇನ್ನು ನಿಮಿತ್ತದ ಮಾತು. 1877ರ ಜುಲೈ 13ರಂದು ಸೇಂಟ್ ಪೀಟರ್ಸ್‌ಬರ್ಗಿನ ಸೆರೆಮನೆಗೆ ನಗರಾಧಿಕಾರಿಯಾದ ಜನರಲ್ ತ್ರೇಪೋವನು ಬಂದನು. ಬೊಗೊಲ್ಯೂಬೊವ್ ಎಂಬ ಕೈದಿಯು ಅವನಿಗೆ ಟೋಪಿ ತೆಗೆದು ವಂದಿಸಲಿಲ್ಲ. ಅಷ್ಟಕ್ಕೆ ಆ ವಿದ್ಯಾವಂತ ತರುಣನಿಗೆ ಛಡಿಯೇಟು ಹೊಡೆಯಿಸಲಾಯಿತು. ಸುದ್ದಿ ದೇಶದಲ್ಲೆಲ್ಲ ಹಬ್ಬಿತು. ಯಾವ ಅಧಿಕಾರಿಗೂ ಇದಕ್ಕಾಗಿ ಶಿಕ್ಷೆಯಾಗಲಿಲ್ಲ. ಆರು ತಿಂಗಳ ಮೇಲೆ, 1878ರ ಜನವರಿ 24ರಂದು, ವೇರಾ ಝಸೂಲಿಚ್ ಎಂಬ 28 ವರ್ಷದ ಹೆಂಗಸು ಅರ್ಜಿ ಕೊಡುವವಳಂತೆ ಹೋಗಿ ತ್ರೇಪೋವನನ್ನು ಪಿಸ್ತೂಲಿನಿಂದ ಹೊಡೆದು ಗಾಯಗೊಳಿಸಿದಳು. ಆಕೆಗೆ ಬೊಗೊಲ್ಯೂಬೊವನ ಮುಖಪರಿಚಯವೂ ಇರಲಿಲ್ಲ. ಮಾರ್ಚ್ 31ರಂದು ನ್ಯಾಯಾಲಯದಲ್ಲಿ ಪಂಚರು ಆಕೆಯನ್ನು ನಿರ್ದೋಷಿಯೆಂದು ಬಿಟ್ಟುಬಿಟ್ಟರು. ಸಭಿಕರು ಹರ್ಷಧ್ವನಿ ಮಾಡಿದರು.

ಆ ಹರ್ಷಧ್ವನಿಯನ್ನು ಸ್ವಲ್ಪ ಕಿವಿಗೊಟ್ಟು ಕೇಳಬೇಕು. ಸೇವೆಗೆ ಸೆರೆಮನೆ, ಗುಂಡಿಗೆ ಜಯಕಾರ. ಹತ್ತು ತಿಂಗಳ ಶುಶ್ರೂಷೆಯು ಯಾವ ಪತ್ರಿಕೆಯಲ್ಲಿಯೂ ಬರಲಿಲ್ಲ. ಒಂದು ಕ್ಷಣದ ಹೊಗೆಯನ್ನು ಯೂರೋಪವೆಲ್ಲ ನೋಡಿತು. ತರುಣರ ಮನಸ್ಸು ಯಾವ ಕಡೆಗೆ ವಾಲಬಹುದೆಂಬುದನ್ನು ಹೇಳಬೇಕಾಗಿಲ್ಲ. ಅದೇ ವರ್ಷ ಆಗಸ್ಟ್ 2ರಂದು ಒದೆಸ್ಸಾ ನಗರದಲ್ಲಿ ಕೊವಾಲ್ಸ್ಕಿ ಎಂಬ ಕ್ರಾಂತಿಕಾರನಿಗೆ ಮರಣದಂಡನೆಯಾಯಿತು. ಎರಡು ದಿನಗಳ ತರುವಾಯ ರಾಜಧಾನಿಯ ಬೀದಿಯಲ್ಲಿ ಕ್ರವ್ಚಿನ್ಸ್ಕಿ ಎಂಬವನು ಗುಪ್ತಪೋಲೀಸಿನ ಮುಖ್ಯಾಧಿಕಾರಿ ಮೆಜೆಂತ್ಸೆವನನ್ನು ಕಠಾರಿಯಿಂದ ಇರಿದು ಕೊಂದನು; ಸಾವಿಗೆ ಸಾವು ಎಂಬ ಹೆಸರಿನ ಪುಸ್ತಿಕೆಯನ್ನೂ ಹೊರಡಿಸಿದನು. ಈ ಹೆಸರಿನಲ್ಲಿ ರೈತನೆಲ್ಲಿ? ಭೂಮಿಯೆಲ್ಲಿ? ಯಾರ ಋಣವನ್ನು ತೀರಿಸಲು ಹೊರಟಿದ್ದರೋ ಆ ಜನ ಕಥೆಯಿಂದ ಮೆಲ್ಲಗೆ ಹೊರಬಿದ್ದರು. ಉಳಿದವರು ಇಬ್ಬರು: ನೇಣು ಹಾಕುವ ಸರ್ಕಾರ, ಸೇಡು ತೀರಿಸುವ ಸಂಘ. ಗೀತೆಯ ಎರಡನೆಯ ಅಧ್ಯಾಯದಲ್ಲಿ ಕ್ರೋಧದಿಂದ ಸಂಮೋಹ, ಸಂಮೋಹದಿಂದ ಸ್ಮೃತಿವಿಭ್ರಮ ಎಂಬ ಕ್ರಮವನ್ನು ಹೇಳಿದೆಯಷ್ಟೆ. ತಾನು ಏನು ಮಾಡಲು ಹೊರಟಿದ್ದೆನೆಂಬುದನ್ನು ಮರೆಯುವುದಕ್ಕಿಂತ ದೊಡ್ಡ ಸ್ಮೃತಿವಿಭ್ರಮ ಯಾವುದು?

ಮಣ್ಣೂ ಕುಂಬಾರನೂ ಕೂಡಿದ ಮೇಲೆ ತಿಗರಿ ಬೇಕು. ಅದು ಬಾಗಿಲು ಮುಚ್ಚಿದ ಕೋಣೆ. ಇದರ ಅತ್ಯಂತ ಭಯಂಕರ ರೂಪವನ್ನು 1869ರಲ್ಲಿಯೇ ನೆಚಾಯೆವ್ ಎಂಬವನು ತೋರಿಸಿದ್ದನು. ಕ್ರಾಂತಿಕಾರನಿಗೆ ಸ್ವಂತದ ಪ್ರೀತಿ, ನಂಟು, ಮರ್ಯಾದೆ, ಹೆಸರು ಯಾವುದೂ ಇರಬಾರದು. ಕ್ರಾಂತಿಗೆ ಸಾಧಕವಾದುದೆಲ್ಲ ಧರ್ಮ, ಬಾಧಕವಾದುದೆಲ್ಲ ಅಧರ್ಮ ಎಂಬ ತಾತ್ಪರ್ಯದ ನಿಯಮಾವಳಿಯೊಂದು ಅವನ ಹೆಸರಿನೊಡನೆ ಸೇರಿಕೊಂಡಿದೆ. ಸಂನ್ಯಾಸಿಯ ವೈರಾಗ್ಯದ ಛಾಯೆಯಿದ್ದು, ಒಳಗೆ ದಯೆಯಿಲ್ಲದ ಶಾಸ್ತ್ರ ಅದು. ಆ ವರ್ಷ ನವೆಂಬರಿನಲ್ಲಿ ಅವನೂ ಅವನ ಸಂಗಡಿಗರೂ ಮಾಸ್ಕೋದಲ್ಲಿ ಇವಾನೊವ್ ಎಂಬ ವಿದ್ಯಾರ್ಥಿಯನ್ನು ಕೊಂದರು. ಇವಾನೊವನು ಅರಸನ ಕಡೆಯವನಲ್ಲ, ಅವರ ಸಂಘದವನೇ. ನಾಯಕನ ಮಾತಿಗೆ ಎದುರಾಡಿದುದೇ ಅವನ ಅಪರಾಧ. ದೊಸ್ತೊಯೆವ್‌ಸ್ಕಿಯು ಒಂದು ದೊಡ್ಡ ಕಾದಂಬರಿಗೆ ಈ ಕೊಲೆಯನ್ನೇ ವಸ್ತುವನ್ನಾಗಿ ಮಾಡಿಕೊಂಡನು.

ಮುಂದಿನ ಪೀಳಿಗೆಯ ತರುಣರು ನೆಚಾಯೆವನ ಹೆಸರು ಹೇಳಿದರೆ ಹೇಸುತ್ತಿದ್ದರು. ಆದರೂ ಅವರ ಸಂಘವು ಗುಪ್ತವಾಗುತ್ತ ಹೋದಂತೆ ಅದೇ ಕೋಣೆ ಬೇರೆ ಬಣ್ಣದಲ್ಲಿ ಮತ್ತೆ ಕಟ್ಟಲ್ಪಟ್ಟಿತು. 1879ರ ಜೂನಿನಲ್ಲಿ ವೊರೋನೆಜ್ ನಗರದಲ್ಲಿ 'ಭೂಮಿ ಮತ್ತು ಸ್ವಾತಂತ್ರ್ಯ' ಎಂಬ ಅವರ ಸಂಘವು ಸಭೆ ಸೇರಿದಾಗ ಪ್ಲೆಖಾನೊವ್ ಎಂಬವನು ಹಿಂಸಾಮಾರ್ಗವನ್ನು ವಿರೋಧಿಸಿದನು. ತನ್ನ ಕಡೆಗೆ ಯಾರೂ ಬರದುದನ್ನು ಕಂಡು ಎದ್ದು ನಡೆದನು. ಅವನು ಹೋದನು, ಪ್ರಶ್ನೆಯೂ ಅವನೊಡನೆ ಹೋಯಿತು. ಉಳಿದವರಲ್ಲಿ ಬಹುಮಂದಿ 'ನರೋದ್ನಾಯ ವೋಲ್ಯ', ಎಂದರೆ ಜನೇಚ್ಛೆ, ಎಂಬ ಸಂಘವನ್ನು ಕಟ್ಟಿ ಆಗಸ್ಟ್ 26ರಂದು ಝಾರನಿಗೆ ಮರಣದಂಡನೆ ವಿಧಿಸಿದರು. ಜನರ ಇಚ್ಛೆಯೆಂಬುದನ್ನು ಅವರಿಗೆ ತಿಳಿಸಿದವರು ಯಾರು? ಅದೇ ಜನರಲ್ಲವೆ ಐದು ವರ್ಷಗಳ ಹಿಂದೆ ಅವರನ್ನು ಪೋಲೀಸರಿಗೆ ಒಪ್ಪಿಸಿದ್ದು! ಕಲ್ಯಾಣದ ಅನುಭವಗೋಷ್ಠಿಯಲ್ಲಿ ಮಹಾದೇವಿಯಕ್ಕನಂಥವರೂ ಪ್ರಶ್ನೆಗೆ ಒಳಗಾದರು. ಪ್ರಭುದೇವರನ್ನು ಪ್ರಶ್ನಿಸಲು ಮುಕ್ತಾಯಕ್ಕನು ಹಿಂಜರಿಯಲಿಲ್ಲ. ಗೋಷ್ಠಿಯಲ್ಲಿ ಸಂಶಯವು ಸಾಧನೆಯ ಮೆಟ್ಟಿಲು. ಗುಪ್ತಕೋಣೆಯಲ್ಲಿ ಸಂಶಯವು ದ್ರೋಹ. ಅಲ್ಲಿರುವ ಹತ್ತಿಪ್ಪತ್ತು ಜನ ಒಬ್ಬರಿಗೊಬ್ಬರು ಪ್ರಾಣ ಕೊಡುವವರು, ಒಟ್ಟಿಗೆ ಹಸಿದವರು, ಒಟ್ಟಿಗೆ ಅಳುಕಿದವರು. ಹಿಂದೆ ಸರಿದರೆ ನೇಣಿಗೇರಿದ ಗೆಳೆಯನ ಮುಖವು ಕಣ್ಣ ಮುಂದೆ ಬರುತ್ತದೆ. ಒಬ್ಬನೇ ಇದ್ದಾಗ ಯಾವ ಕೆಲಸಕ್ಕೆ ಕೈ ನಡುಗುವುದೋ ಅದನ್ನು ಆ ನಂಟು ಮಾಡಿಸಿಬಿಡುತ್ತದೆ.

ಆ ಕೋಣೆಯೊಳಗೆ ನಡೆಯುವ ತರ್ಕವು ನಮ್ಮ ಧರ್ಮಶಾಸ್ತ್ರಗಳಿಗೆ ಪರಿಚಿತವಾದದ್ದು. ಮನೆಗೆ ಬೆಂಕಿಯಿಡುವವನು, ವಿಷವಿಕ್ಕುವವನು, ಶಸ್ತ್ರ ಹಿಡಿದು ಮೇಲೆ ಬೀಳುವವನು, ಧನವನ್ನೂ ಕ್ಷೇತ್ರವನ್ನೂ ಹೆಂಡತಿಯನ್ನೂ ಅಪಹರಿಸುವವನು ಹೀಗೆ ಆರು ಬಗೆಯವರನ್ನು ಆತತಾಯಿಗಳೆಂದು ಹೇಳಿ, ಅವರನ್ನು ಕೊಲ್ಲುವುದರಲ್ಲಿ ದೋಷವಿಲ್ಲವೆಂಬ ವಚನಗಳು ಸ್ಮೃತಿಗಳಲ್ಲಿ ಬರುತ್ತವೆ. ಕೊಲ್ಲಹೊರಟವನಿಗೆ ಇದಕ್ಕಿಂತ ಒಳ್ಳೆಯ ಆಶ್ರಯ ಬೇಕಿಲ್ಲ: ಅವನು ಆತತಾಯಿ, ಆದುದರಿಂದ ವಧ್ಯ. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ಕುಳಿತು ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಈ ವಿಷಯವನ್ನು ಚರ್ಚೆಗೆ ತೆಗೆದುಕೊಂಡು, ಆ ವಚನಗಳನ್ನು ಮನಬಂದಂತೆ ಕೊಲ್ಲಲು ಕೊಟ್ಟ ಅಪ್ಪಣೆಯೆಂದು ಒಪ್ಪದೆ ಅವುಗಳಿಗೆ ಎಲ್ಲೆ ಹಾಕಿದನು. ಮೇಲೆ ಬಿದ್ದವನನ್ನು ತಡೆಯುವುದು ಒಂದು. ಇಂಥವನು ಆತತಾಯಿಯೆಂದು ದೂರದಲ್ಲಿ ಕುಳಿತು ತಾವೇ ತೀರ್ಪು ಮಾಡಿ, ತಾವೇ ದಂಡ ವಿಧಿಸಿ, ತಾವೇ ತಳವಾರರಾಗುವುದು ಇನ್ನೊಂದು. ಎರಡನೆಯದರಲ್ಲಿ ಆರೋಪಿಗೆ ಬಾಯಿಲ್ಲ. ಮೇಲಾಗಿ ಆ ದಂಡವು ಆರೋಪಿಯೊಬ್ಬನ ಮೇಲೆಯೇ ಬೀಳುವುದೆಂಬ ಭರವಸೆಯೂ ಇಲ್ಲ.

1880ರ ಫೆಬ್ರುವರಿ 5ರಂದು ಬಡಗಿಯ ವೇಷದಲ್ಲಿ ಸೇರಿಕೊಂಡಿದ್ದ ಖಲ್ತೂರಿನ್ ಎಂಬವನು ಅರಮನೆಯ ನೆಲಮಾಳಿಗೆಯಲ್ಲಿ ಸ್ಫೋಟ ಮಾಡಿದನು. ಝಾರನು ಊಟಕ್ಕೆ ಬರುವುದು ತಡವಾದುದರಿಂದ ಉಳಿದನು. ಕಾವಲಿನ 11 ಜನ ಸೈನಿಕರು ಸತ್ತರು, 50ಕ್ಕೂ ಹೆಚ್ಚು ಜನ ಗಾಯಗೊಂಡರು. 1881ರ ಮಾರ್ಚ್ 1ರಂದು, ಭಾನುವಾರ, ಕಾಲುವೆಯ ದಂಡೆಯಲ್ಲಿ ಸೋಫಿಯಾ ಪೆರೋವ್ಸ್ಕಯಾ ಕರವಸ್ತ್ರ ಬೀಸಿ ಸಂಜ್ಞೆ ಕೊಟ್ಟಳು. ಆಕೆ ರಾಜಧಾನಿಯ ಗವರ್ನರನಾಗಿದ್ದವನ ಮಗಳು. 1872ರಲ್ಲಿ ಸಮಾರಾ ಪ್ರಾಂತದ ಹಳ್ಳಿಗಳಲ್ಲಿ ಕಾಲ್ನಡಿಗೆಯಲ್ಲಿ ತಿರುಗಿ ಮಕ್ಕಳಿಗೆ ಸಿಡುಬಿನ ಚುಚ್ಚುಮದ್ದು ಹಾಕಿದವಳು. ಬಾಂಬನ್ನು ತಯಾರಿಸಿದವನು ಪುಸ್ತಕ ಕೊಟ್ಟು ಮೂರು ವರ್ಷ ಸೆರೆಯಲ್ಲಿದ್ದ ಕಿಬಾಲ್ಚಿಚ್. 19 ವರ್ಷದ ರಿಸಾಕೊವನು ಮೊದಲನೆಯ ಬಾಂಬನ್ನು ಎಸೆದನು. ಝಾರನಿಗೆ ಏನೂ ಆಗಲಿಲ್ಲ. ಬೆಂಗಾವಲಿನ ಕೊಸಾಕನೂ, ಹಾದಿಯಲ್ಲಿ ಹೋಗುತ್ತಿದ್ದ ಮಾಂಸದಂಗಡಿಯ 14 ವರ್ಷದ ಹುಡುಗನೂ ಬಿದ್ದರು. ಗಾಯಗೊಂಡವರನ್ನು ನೋಡಲೆಂದು ಝಾರನು ಗಾಡಿಯಿಂದ ಇಳಿದಾಗ ಗ್ರಿನೆವಿಟ್ಸ್ಕಿಯು ಎಸೆದ ಎರಡನೆಯ ಬಾಂಬು ಝಾರನನ್ನೂ ಎಸೆದವನನ್ನೂ ಕೊಂದಿತು. ಆ ಹುಡುಗನೂ ಬದುಕಲಿಲ್ಲ. ಯಾವ ಜನಕ್ಕಾಗಿ ಈ ಕೃತ್ಯವೋ ಆ ಜನದಲ್ಲಿ ಅವನೂ ಒಬ್ಬನಲ್ಲವೆ? ಅವನಿಗೆ ಯಾವ ಸಂಘವು ಮರಣದಂಡನೆ ವಿಧಿಸಿತ್ತು?

ಅಂದು ಬೆಳಿಗ್ಗೆ ಝಾರನು ಒಂದು ಕಾಗದಕ್ಕೆ ಒಪ್ಪಿಗೆ ಕೊಟ್ಟು ಹೊರಟಿದ್ದನು. ಚುನಾಯಿತ ಪ್ರತಿನಿಧಿಗಳನ್ನು ಸೇರಿಸಿಕೊಂಡು ಶಾಸನಗಳ ಕರಡನ್ನು ಚರ್ಚಿಸುವ ಸಮಿತಿಗಳನ್ನು ರಚಿಸಬೇಕೆಂಬ, ಮಂತ್ರಿ ಲೋರಿಸ್-ಮೆಲಿಕೊವನ ಸಲಹೆ ಅದು. ಪೂರ್ಣ ಪ್ರಜಾಪ್ರಭುತ್ವವಲ್ಲ, ಬಾಗಿಲಿನ ಒಂದು ಬಿರುಕು. ಮಗನಾದ ಮೂರನೆಯ ಅಲೆಕ್ಸಾಂಡರನು ಬಾಗಿಲನ್ನು ಹಾಕಿ ಅಗಳಿ ಜಡಿದನು. ಆಗಸ್ಟ್ 14ರಂದು ಮೂರು ವರ್ಷಗಳ ಮಟ್ಟಿಗೆಂದು ಹೊರಡಿಸಿದ ವಿಶೇಷಾಧಿಕಾರದ ನಿಬಂಧನೆಗಳು ಮತ್ತೆ ಮತ್ತೆ ಮುಂದುವರಿದು 1917ರವರೆಗೂ ಜಾರಿಯಲ್ಲಿದ್ದವು. ಜೀತ ಬಿಡಿಸಿದ ಅರಸನನ್ನು ಜಮೀನುದಾರರೇ ಕೊಲ್ಲಿಸಿದರೆಂದು ಎಷ್ಟೋ ಹಳ್ಳಿಗರು ನಂಬಿದರು; ಯೆಹೂದಿಗಳು ಕೊಂದರೆಂಬ ಗಾಳಿಮಾತು ಬೇರೆಡೆ ಹಬ್ಬಿತು. ಏಪ್ರಿಲಿನಿಂದ ದಕ್ಷಿಣದ ಊರುಗಳಲ್ಲಿ ಯೆಹೂದಿಗಳ ಮನೆ ಅಂಗಡಿಗಳ ಮೇಲೆ ಗುಂಪುಗಳು ಬಿದ್ದವು. ಆಗ ನರೋದ್ನಾಯ ವೋಲ್ಯದ ಹೆಸರಿನಲ್ಲಿಯೇ ಆ ಲೂಟಿಯನ್ನು ಜನರ ದಂಗೆಯೆಂದು ಹುರಿದುಂಬಿಸುವ ಒಂದು ಕರಪತ್ರವು ಆಗಸ್ಟ್ ಕೊನೆಯಲ್ಲಿ ಹೊರಟಿತು. ಆ ಸಂಘದ ಗೆಲ್ಫ್‌ಮನ್ ಎಂಬ ಯೆಹೂದಿ ಹೆಂಗಸು ಆ ಹೊತ್ತಿಗೆ ಸೆರೆಮನೆಯಲ್ಲಿ ಗರ್ಭಿಣಿಯಾಗಿದ್ದಳು. ಸಂಘದವರಲ್ಲಿಯೇ ಹಲವರಿಗೆ ಆ ಕರಪತ್ರ ಹೇಸಿಗೆ ತಂದಿತೆಂಬುದನ್ನೂ ಹೇಳಬೇಕು. ವಿಚಿತ್ರವೆಂದರೆ, ಅದೇ ಸಂಘವು ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡನು ಕೊಲೆಗಡುಕನೊಬ್ಬನ ಗುಂಡಿನ ಗಾಯದಿಂದ ಸತ್ತಾಗ ಆ ಕೊಲೆಯನ್ನು ಖಂಡಿಸಿತು: ಜನರು ತಮ್ಮ ಇಚ್ಛೆಯನ್ನು ಮಾತಿನಿಂದ ತಿಳಿಸಬಹುದಾದ ದೇಶದಲ್ಲಿ ಶಸ್ತ್ರಕ್ಕೆ ಸ್ಥಾನವಿಲ್ಲವೆಂಬುದು ಅದರ ಅಭಿಪ್ರಾಯ. ಧರ್ಮದ ಎಲ್ಲೆ ಅವರಿಗೆ ಕಾಣದಿರಲಿಲ್ಲ. ತಮ್ಮ ಊರಿನಲ್ಲಿ ಆ ಎಲ್ಲೆಯಿಲ್ಲವೆಂದು ಭಾವಿಸಿದ್ದರು.

ಐದು ಜನರನ್ನು 1881ರ ಏಪ್ರಿಲ್ 3ರಂದು ಗಲ್ಲಿಗೇರಿಸಲಾಯಿತು. ಪೆರೋವ್ಸ್ಕಯಾಳಿಗೆ 27 ವರ್ಷ. ಕಿಬಾಲ್ಚಿಚನು ತನ್ನ ಕೊನೆಯ ದಿನಗಳಲ್ಲಿ ಮದ್ದಿನ ಬಲದಿಂದ ಆಕಾಶಕ್ಕೇರುವ ಯಂತ್ರವೊಂದರ ನಕ್ಷೆಯನ್ನು ಬರೆದು ಅಧಿಕಾರಿಗಳಿಗೆ ಒಪ್ಪಿಸಿದನು. ಅವರು ಅದನ್ನು ಕಡತದಲ್ಲಿಟ್ಟು ಮರೆತರು. 1918ರಲ್ಲಿ ಅದು ಅಚ್ಚಾಯಿತು. ಅವನು ಆ ತಲೆಯನ್ನು ಬಾಂಬಿಗೆ ತೆತ್ತನು, ರಾಜ್ಯವು ಅದನ್ನು ನೇಣಿಗೆ ತೆತ್ತಿತು.

ಗಾಲಿ ಅಲ್ಲಿಗೆ ನಿಲ್ಲಲಿಲ್ಲ. 1886ರ ನವೆಂಬರಿನಲ್ಲಿ ದೊಬ್ರೊಲ್ಯೂಬೊವ್ ಎಂಬ ವಿಮರ್ಶಕನ ಪುಣ್ಯಸ್ಮರಣೆಗೆ ಶ್ಮಶಾನಕ್ಕೆ ಹೊರಟ ವಿದ್ಯಾರ್ಥಿಗಳನ್ನು ಪೋಲೀಸರು ತಡೆದು, ಹಲವರನ್ನು ರಾಜಧಾನಿಯಿಂದ ಹೊರಗೆ ಹಾಕಿದರು. ಹೂವಿನ ಹಾರ ಹಿಡಿದು ಹೊರಟವರಲ್ಲಿ ಅಲೆಕ್ಸಾಂಡರ್ ಉಲ್ಯಾನೊವನೂ ಇದ್ದನು. ಅವನು ಪ್ರಾಣಿಶಾಸ್ತ್ರದ ವಿದ್ಯಾರ್ಥಿ. ಹುಳುಗಳ ರಚನೆಯನ್ನು ಕುರಿತ ಪ್ರಬಂಧಕ್ಕೆ ಚಿನ್ನದ ಪದಕ ಪಡೆದಿದ್ದವನು. ಆ ಪದಕವು ಸಂಘದ ಕೆಲಸಕ್ಕೆ ಹೋಯಿತು. 1887ರ ಮೇ 8ರಂದು ಝಾರನ ಕೊಲೆಯ ಸಂಚಿಗಾಗಿ ಅವನನ್ನೂ ಇನ್ನು ನಾಲ್ವರನ್ನೂ ನೇಣಿಗೆ ಹಾಕಿದರು. ಮನೆಯಲ್ಲಿ 17 ವರ್ಷದ ತಮ್ಮನಿದ್ದನು. ಲೋಕವು ಅವನನ್ನು ಮುಂದೆ ಲೆನಿನ್ ಎಂಬ ಹೆಸರಿನಿಂದ ಅರಿಯಿತು.

ಇಷ್ಟನ್ನು ಓದಿದವರು ದೋಷವೆಲ್ಲ ಸರ್ಕಾರದ್ದೆಂದು ತೀರ್ಮಾನಿಸುವ ಸಂಭವವುಂಟು. ಅದು ಅವಸರದ ತೀರ್ಮಾನ. ಟೋಪಿ ತೆಗೆಯದವನಿಗೆ ಛಡಿಯೇಟು ಹೊಡೆಯಿಸಿದವನ ಪಾಪ ಅವನದು. ಹಾದಿಹೋಕ ಹುಡುಗನ ಸಾವು ಬಾಂಬೆಸೆದವನದು. ಒಂದರಿಂದ ಇನ್ನೊಂದು ಹುಟ್ಟಿತೆಂದ ಮಾತ್ರಕ್ಕೆ ಎರಡನೆಯದರ ಕರ್ತೃತ್ವವು ಮೊದಲನೆಯವನಿಗೆ ವರ್ಗವಾಗದು. ಅದೇ ಸಂಕಟವನ್ನುಂಡ ನೂರಾರು ತರುಣರು ಕೊಲ್ಲಲಿಲ್ಲವಷ್ಟೆ! ಕಾರಣವನ್ನು ಅರಿಯುವುದು ಬೇರೆ, ಕರ್ತನನ್ನು ಬಿಡುಗಡೆ ಮಾಡುವುದು ಬೇರೆ. ವೈದ್ಯನು ರೋಗದ ನಿದಾನವನ್ನು ಹೇಳಿದರೆ ರೋಗವನ್ನು ಹೊಗಳಿದಂತಾಗುವುದಿಲ್ಲ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು: ಕಾರಣದ ಮಾತೆತ್ತಿದವರನ್ನೆಲ್ಲ ಕೊಲೆಗಡುಕರ ಪಕ್ಷದವರೆಂದು ಗದರಿಸುವುದು. ಹಾಗೆ ಗದರಿಸುವ ಸರ್ಕಾರವು ಮುಂದಿನ ಉಲ್ಯಾನೊವನನ್ನು ತಾನೇ ಸಾಕುತ್ತಿರುತ್ತದೆ.

ನಮ್ಮ ದೇಶಕ್ಕೂ ಆ ಹೊಗೆ ತಾಗದಿರಲಿಲ್ಲ. ವಂಗದೇಶದ ಹೇಮಚಂದ್ರ ಕಾನೂನಗೊ ಪ್ಯಾರಿಸ್ಸಿಗೆ ಹೋಗಿ ಅಲ್ಲಿದ್ದ ರಷ್ಯದ ಕ್ರಾಂತಿಕಾರರಿಂದ ಬಾಂಬು ಮಾಡುವ ವಿದ್ಯೆಯನ್ನು ಕಲಿತು ಬಂದನು. ಕಲ್ಕತ್ತೆಯ ಮ್ಯಾಜಿಸ್ಟ್ರೇಟ್ ಕಿಂಗ್ಸ್‌ಫರ್ಡನು 1907ರಲ್ಲಿ ಸುಶೀಲ್ ಸೇನ್ ಎಂಬ 15 ವರ್ಷದ ಹುಡುಗನಿಗೆ ಛಡಿಯೇಟಿನ ಶಿಕ್ಷೆ ವಿಧಿಸಿದ್ದನು. ಅಲ್ಲಿಯೂ ಛಡಿ, ಇಲ್ಲಿಯೂ ಛಡಿ! 1908ರ ಏಪ್ರಿಲ್ 30ರ ರಾತ್ರಿ ಮುಜಫ್ಫರಪುರದಲ್ಲಿ ಖುದಿರಾಮ ಬೋಸ್ ಮತ್ತು ಪ್ರಫುಲ್ಲ ಚಾಕಿ ಅವನ ಗಾಡಿಯೆಂದು ಬಗೆದು ಬಾಂಬೆಸೆದರು. ಸತ್ತವರು ಕೆನಡಿ ಎಂಬ ವಕೀಲನ ಪತ್ನಿ ಮತ್ತು ಮಗಳು. ಖುದಿರಾಮನ ಧೈರ್ಯವನ್ನು ಹಾಡಿ ಹೊಗಳಿದ ನಾಡಿನಲ್ಲಿ ಆ ಇಬ್ಬರು ಹೆಂಗಸರನ್ನು ನೆನೆದವರು ವಿರಳ.

ಕಲ್ಯಾಣದ ವಿಷಯವನ್ನು ಇಲ್ಲಿ ಬಿಟ್ಟುಹೋಗುವುದು ಪ್ರಾಮಾಣಿಕತೆಯಾಗದು. ಹರಳಯ್ಯ ಮಧುವರಸರಿಗೆ ಬಿಜ್ಜಳನು ವಿಧಿಸಿದ ಘೋರಶಿಕ್ಷೆ, ತರುವಾಯ ಜಗದೇವನೇ ಮೊದಲಾದವರ ಕೈಯಿಂದ ಬಿಜ್ಜಳನ ಅಂತ್ಯ ಇವು ಪುರಾಣಗಳಲ್ಲಿ ಬರುತ್ತವೆ. ವಿವರಗಳು ಗ್ರಂಥದಿಂದ ಗ್ರಂಥಕ್ಕೆ ಬೇರೆಯಾಗಿವೆ. 1369ರ ಭೀಮಕವಿಯ ಬಸವಪುರಾಣವು ಘಟನೆಗೆ ಎರಡು ಶತಮಾನಗಳ ಈಚಿನದು. ಅದರ ಮಾತನ್ನೇ ಇತಿಹಾಸವೆಂದು ಎತ್ತಿಹಿಡಿಯಲಾಗದು. ಆದರೆ ಕಥೆಯನ್ನು ಕಥೆಯಾಗಿಯೇ ಓದಿದರೂ ಆ ವಧೆಯಲ್ಲಿ ಅದು ಮುಗಿಯುವುದಿಲ್ಲ. ಮುಂದೆ ಕಲ್ಯಾಣದಲ್ಲಿ ಕೋಲಾಹಲವಾಯಿತು, ಗೋಷ್ಠಿ ಒಡೆಯಿತು, ಶರಣರು ದಿಕ್ಕುದಿಕ್ಕಿಗೆ ಚದುರಿ ಹೋದರು. ವಚನದ ಕಟ್ಟುಗಳನ್ನು ಹೊತ್ತವರು ಬೆನ್ನಟ್ಟಿದ ಸೈನ್ಯವನ್ನು ತಪ್ಪಿಸಿಕೊಂಡು ಉಳವಿಯ ಕಾಡನ್ನು ಸೇರಿದರು. ಜಗದೇವನ ಕಥೆಯನ್ನು ಕೇಳಿ ತಲೆದೂಗುವವರು ಉಳವಿಯ ದಾರಿಯನ್ನೂ ಅದರ ಜೊತೆಗೆ ಓದಿಕೊಳ್ಳುವುದು ಲೇಸು.

ರಷ್ಯದ ಕಥೆಯಲ್ಲಿ ತ್ರೇಪೋವನ ಮೇಲೆ ಗುಂಡು ಹಾರಿಸಿದ ಝಸೂಲಿಚಳು ಬಹುಕಾಲ ಬದುಕಿದಳು. 1883ರಲ್ಲಿ ಪ್ಲೆಖಾನೊವನೊಡನೆ ಪರದೇಶದಲ್ಲಿದ್ದು ಕಾರ್ಮಿಕರ ಸಂಘಟನೆಯ ಕಡೆಗೆ ತಿರುಗಿದಳು. ತಾನು ಯಾವ ಮಾರ್ಗಕ್ಕೆ ಕೀರ್ತಿ ತಂದಿದ್ದಳೋ ಆ ಮಾರ್ಗವನ್ನು ವಿರೋಧಿಸಿ ಬರೆದಳು. ಹಿಂದೆ ನ್ಯಾಯಾಲಯದಲ್ಲಿ ಹರ್ಷಧ್ವನಿ ಮಾಡಿದವರಷ್ಟು ಜನ ಆ ಬರಹಗಳಿಗೆ ಕಿವಿಗೊಡಲಿಲ್ಲ. ವ್ಯಾಜ್ಮಿನೊ ಹಳ್ಳಿಯ ಉಪವೈದ್ಯೆ ಫಿಗ್ನರಳು 1884ರಿಂದ 1904ರವರೆಗೆ ಶ್ಲಿಸ್ಸೆಲ್‌ಬರ್ಗ್ ಕೋಟೆಯ ಸೆರೆಯಲ್ಲಿದ್ದು ಹೊರಬಂದಳು. ಮುದುಪಿನಲ್ಲಿ ಬರೆದ ಆತ್ಮಕಥೆಯಲ್ಲಿ ಆಕೆ ತನ್ನ ಗೆಳೆಯರನ್ನು ನಿಂದಿಸಲಿಲ್ಲ, ಅವರ ತ್ಯಾಗವನ್ನು ಅಲ್ಲಗಳೆಯಲಿಲ್ಲ. ಆದರೆ ಸರ್ಕಾರದ ಹಿಂಸೆಯೂ ಕ್ರಾಂತಿಕಾರರ ಹಿಂಸೆಯೂ ಕೂಡಿ ಸಮಾಜದ ನಡತೆಯನ್ನು ಕೆಡಿಸಿದುವು, ಮನುಷ್ಯರನ್ನು ಒರಟಾಗಿಸಿದುವು ಎಂದು ಎರಡು ಪಕ್ಷಗಳ ಲೆಕ್ಕವನ್ನೂ ಒಂದೇ ಕಡೆ ಬರೆದಿಟ್ಟಳು.